ಕೀ ಕೊಟ್ಟು ಹೋದ ದೇವರ ನಾಡಿನಲ್ಲಿ

ಅಮೆರಿಕದಿಂದ ಹಿಂದಿರುಗಿದ ಮೇಲೆ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ ಮೂರೂ ಕಡೆ ನನಗೆ ಹಾರ ಹಾಕಿ ಭಾಷಣ ಮಾಡಿಸಿದ್ದಾರೆ. ಮೋಡಕ್ಕೆ ತಾಗುವ ಕಟ್ಟಡ, ನೆಲದೊಳಗೆ ಓಡುವ ರೈಲು, ತಾನಾಗಿ ತೆರೆದುಕೊಳ್ಳುವ ಬಾಗಿಲು, ಎಲ್ಲವನ್ನೂ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಒಂದು ಸಂಗತಿಯನ್ನು ಮಾತ್ರ ಯಾವ ಭಾಷಣದಲ್ಲೂ ಬಾಯಿಬಿಡಲಿಲ್ಲ. ಹೇಳಿದರೆ ಜನ ಬಯ್ಯುತ್ತಾರೆ ಎಂದು ಹೆದರಿದ್ದಲ್ಲ. ಅದಕ್ಕೂ ಚಪ್ಪಾಳೆ ತಟ್ಟಿಬಿಟ್ಟಾರು ಎಂದು ಹೆದರಿದ್ದು. ಆದ್ದರಿಂದ ಬರೆದೇ ತೀರಿಸಿಕೊಳ್ಳುತ್ತಿದ್ದೇನೆ.

ನಾನು ಮಿರ್ಲೆಯವನು, ಕೃಷ್ಣರಾಜನಗರದ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಮೈಸೂರಿನಲ್ಲಿ ಓದುತ್ತಿದ್ದಾಗ ಪಡುವಣ ದೇಶಗಳ ಒಂದು ಹಳೆಯ ವಿಚಾರ ನನ್ನ ತಲೆಗೆ ಹತ್ತಿತು. ಇಂಗ್ಲಿಷಿನಲ್ಲಿ ಅದಕ್ಕೆ ಡೀಯಿಸಂ ಎನ್ನುತ್ತಾರೆ. ದೇವರು ಇದ್ದಾನೆ. ಗಡಿಯಾರ ಮಾಡುವವನು ಗಡಿಯಾರ ಮಾಡಿ, ಕೀ ಕೊಟ್ಟು, ಪಕ್ಕಕ್ಕೆ ಸರಿಯುವಂತೆ ಅವನು ಲೋಕವನ್ನು ಮಾಡಿ ಸರಿದಿದ್ದಾನೆ. ಪವಾಡ ಮಾಡುವುದಿಲ್ಲ, ಹರಕೆ ಕೇಳುವುದಿಲ್ಲ, ಯಾರ ಮೈಮೇಲೂ ಬರುವುದಿಲ್ಲ. ಅವನನ್ನು ತಿಳಿಯಲು ಮನುಷ್ಯನ ಬುದ್ಧಿ ಸಾಕು, ನಡುವೆ ಪುರೋಹಿತ ಬೇಡ. ಅಮೆರಿಕವನ್ನು ಕಟ್ಟಿದ ಹಿರಿಯರಲ್ಲಿ ಕೆಲವರು ಹೀಗೆ ನಂಬಿದ್ದರು, ಇನ್ನು ಕೆಲವರು ಈ ನಂಬಿಕೆಯ ಹತ್ತಿರಕ್ಕೆ ಬಂದಿದ್ದರು. ನಾನು ಇದನ್ನು ‘ತಟಸ್ಥ ದೇವರ ಮತ’ ಎಂದು ಕರೆದುಕೊಂಡೆ. ಊರಿಗೆ ಬಂದವನೇ ಕೊರಳಿನ ಲಿಂಗವನ್ನು ಬೆಳ್ಳಿಯ ಕರಡಿಗೆಯ ಸಮೇತ ಬಿಚ್ಚಿ ಟ್ರಂಕಿನಲ್ಲಿಟ್ಟೆ, ವಿಭೂತಿ ಹಚ್ಚುವುದನ್ನು ಬಿಟ್ಟೆ. ನಮ್ಮವ್ವ ಎರಡು ದಿನ ಊಟ ಬಿಟ್ಟಳು. ನಾನು ಬಗ್ಗಲಿಲ್ಲ. ಅಂದಿನಿಂದ ಪ್ರತಿ ಆಗಸ್ಟ್ ಹದಿನೈದಕ್ಕೆ ಧ್ವಜದ ಕೆಳಗೆ ನಿಂತು, ಮನುಷ್ಯರೆಲ್ಲ ಸಮಾನರಾಗಿ ಹುಟ್ಟಿದ್ದಾರೆ ಎಂದು ಘೋಷಣೆ ಬರೆದ ಆ ಅಮೆರಿಕದ ಮಹನೀಯನ ಮೇಲೆ ಭಾಷಣ ಮಾಡುತ್ತಿದ್ದೆ.

ಆ ಭಾಷಣ ಕೇಳುವವರಲ್ಲಿ ಕಾಳಯ್ಯ ಒಬ್ಬರು. ಹೆಗ್ಗಡದೇವನಕೋಟೆಯ ಆಚೆ, ಕಾಕನಕೋಟೆಯ ಕಾಡಿನಂಚಿನ ಒಂದು ಹರಿಜನ ಕೇರಿಯಿಂದ ಬಂದವರು. ಎರಡು ವರ್ಷದ ಹಿಂದೆ ನಮ್ಮ ಶಾಲೆಗೆ ಲೆಕ್ಕದ ಮೇಷ್ಟ್ರಾಗಿ ಸೇರಿದರು. ಮೇಷ್ಟ್ರುಗಳ ಕೋಣೆಯ ಮೂಲೆಯಲ್ಲಿ ನಮಗೆಲ್ಲ ಒಂದು ನೀರಿನ ಮಡಕೆ ಇದೆ. ಕಾಳಯ್ಯ ಮಾತ್ರ ಮನೆಯಿಂದ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ತಮ್ಮ ಕುರ್ಚಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಮಡಕೆ ಮುಟ್ಟಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕುಡಿಯಿರಿ ಎಂದೂ ಯಾರೂ ಹೇಳಿರಲಿಲ್ಲ. ಅದು ಅವರ ಅಭ್ಯಾಸವಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ.

ಅಮೆರಿಕದ ಒಂದು ಸಂಘದವರು ನಮ್ಮ ಕಡೆಯ ಕೆಲವು ಮೇಷ್ಟ್ರುಗಳನ್ನು ಕರೆಸಿಕೊಂಡಾಗ ನನ್ನ ಹೆಸರೂ ಬಂತು. ಸಂವಿಧಾನ ಬಂದು ನಾಲ್ಕೈದು ವರ್ಷವಾಗಿದ್ದ ಕಾಲ. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಕಾಳಯ್ಯನೂ ಬಂದಿದ್ದರು. ಎಲ್ಲರೂ ನಿಂಬೆಹಣ್ಣು ಕೊಟ್ಟು ಕೈಮುಗಿದ ಮೇಲೆ ಹತ್ತಿರ ಬಂದರು.

“ಸಾ, ನೀವು ಯೋಳ್ತಿದ್ರಲ್ಲಾ, ಎಲ್ರೂ ಸಮ ಅಂತ ಬರ್ದೋರು, ಅವ್ರ ಮನೆಗೂ ಓಗ್ತೀರಾ?”

“ಹೋಗ್ತೀನಿ ಕಾಳಯ್ಯನೋರೇ. ಅದಕ್ಕೇ ಹೊರಟಿರೋದು.”

“ಓದ್ರೆ ನಂಗೋಸ್ಕರ ಒಂದ್ ಇಸ್ಯ ಕೇಳ್ಕೊಂಡ್ ಬನ್ನಿ ಸಾ. ಆ ಮನೆಗೆ ನೀರು ಒತ್ತು ಆಕ್ತಿದ್ದೋರು ಯಾರು ಅಂತ.”

ನಾನು ನಕ್ಕೆ. ಲೆಕ್ಕದ ಮೇಷ್ಟ್ರು ಎಷ್ಟೇ ಆದರೂ ಲೆಕ್ಕದ ಮೇಷ್ಟ್ರೇ ಎಂದು ತಮಾಷೆ ಮಾಡಿದೆ. ಅವರೂ ನಕ್ಕರು. ಆಗಲಿ, ಕೇಳಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ.

ನ್ಯೂಯಾರ್ಕ್ ಬಂದರು

ಹಡಗಿನಿಂದ ಇಳಿದಾಗ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿದ. ಮೇಲೆ ಸಮಾರಂಭಕ್ಕೆಂದು ತಂದಿದ್ದ ಜರಿ ಪೇಟ. ಕೆಳಗೆ ಅವ್ವ ಕಟ್ಟಿಕೊಟ್ಟಿದ್ದ ರಾಗಿ ಹುರಿಹಿಟ್ಟು. ಅದರೊಳಗೆ ನನಗೇ ಗೊತ್ತಿಲ್ಲದಂತೆ ಅವಳು ಹುದುಗಿಸಿಟ್ಟಿದ್ದ ಒಂದು ವಿಭೂತಿ ಗಟ್ಟಿ. “ಊರು ಬುಟ್ಟು ಓಯ್ತಾ ಇದ್ದೀಯ ಕಣಪ್ಪಾ, ಅಣೆ ಬರೀದಾಗಿರ್ಬಾರ್ದು” ಎಂದು ಹೊಸಿಲಲ್ಲಿ ಅವಳು ಅತ್ತದ್ದರ ಅರ್ಥ ಈಗ ಆಯಿತು.

ಅಧಿಕಾರಿ ಗಟ್ಟಿಯನ್ನು ಮೂಸಿ ನೋಡಿ, ಇದೇನು ಎಂದ. ನನ್ನ ದೇಶದ ವಿದ್ಯಾವಂತರೆಲ್ಲರ ಮಾನ ಆ ಬಿಳಿ ಗಟ್ಟಿಯ ಮೇಲೆ ಕೂತಿದೆ ಎನಿಸಿತು. “ಹಲ್ಲುಪುಡಿ” ಎಂದೆ. ನಮ್ಮಲ್ಲಿ ಬೂದಿಯಲ್ಲಿ ಹಲ್ಲುಜ್ಜುವವರು ಇದ್ದಾರಲ್ಲ, ಪೂರ್ತಿ ಸುಳ್ಳೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆತ ನಂಬಲಿಲ್ಲ. ಉಜ್ಜಿ ತೋರಿಸು ಎಂದ. ನನ್ನ ಹಿಂದೆ ಉದ್ದದ ಸಾಲು ನಿಂತಿತ್ತು. ಅವ್ವನ ವಿಭೂತಿಯನ್ನು ಬೆರಳಿನಲ್ಲಿ ಕೆರೆದು, ಅಷ್ಟು ಜನರ ಎದುರು ಹಲ್ಲುಜ್ಜಿ, ಹಲ್ಲು ಕಿರಿದು ತೋರಿಸಿ ಆ ಮಹಾದೇಶವನ್ನು ಪ್ರವೇಶಿಸಿದೆ.

ಫಿಲಡೆಲ್ಫಿಯಾ

ಇಲ್ಲಿ ನನ್ನನ್ನು ಮನೆಯಲ್ಲಿ ಉಳಿಸಿಕೊಂಡವರು ಮಿಸೆಸ್ ವಿಟ್ಲಿ ಎಂಬ ಹಿರಿಯ ಶಿಕ್ಷಕಿ. ಗಂಡ ಇಲ್ಲ, ಬೆಕ್ಕು ಎರಡು. ಮೊದಲ ದಿನದ ಊಟಕ್ಕೆ ಬಿಳಿಯ ಮೇಜುಬಟ್ಟೆ ಹಾಸಿ, ಗಾಜಿನ ಲೋಟದಲ್ಲಿ ಐಸ್ ನೀರು ಇಟ್ಟರು. ನಾನು ನಮ್ಮ ಪದ್ಧತಿಯಂತೆ ಲೋಟವನ್ನು ಮೇಲಕ್ಕೆತ್ತಿ ಬಾಯಿಗೆ ಸುರಿದುಕೊಂಡೆ. ಐಸಿನ ತುಂಡು ಮೂಗಿಗೆ ಬಡಿಯಿತು, ಅರ್ಧ ನೀರು ಮೇಜುಬಟ್ಟೆಯ ಮೇಲೆ. ಆಕೆ ಗಾಬರಿಯಾಗಿ ಎದ್ದರು. ಪಾತ್ರೆಗೆ ತುಟಿ ತಾಗಿದರೆ ಎಂಜಲು, ಆಮೇಲೆ ಅದನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂದು ವಿವರಿಸಲು ಹೋದೆ. ಎಂಜಲು ಎಂಬುದಕ್ಕೆ ಅವರ ಭಾಷೆಯಲ್ಲಿ ಮಾತೇ ಇಲ್ಲ. ಹತ್ತು ವಾಕ್ಯ ಹೇಳಿದ ಮೇಲೆ ಆಕೆ, “ನನಗೆ ಯಾವ ರೋಗವೂ ಇಲ್ಲ” ಎಂದು ನೊಂದುಕೊಂಡರು. ನಾಲ್ಕು ದಿನದಲ್ಲಿ ನಾನು ಅವರಂತೆ ಲೋಟ ಕಚ್ಚಿ ಕುಡಿಯುವುದನ್ನು ಕಲಿತೆ. ಅವರಿಗೆ ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿಕೊಟ್ಟೆ. ತಿಂದು, ಕಾಗದ ಅಂಟಿಸಲು ಚೆನ್ನಾಗಿರುತ್ತದೆ ಎಂದರು.

ಅವರ ಶಾಲೆಗೆ ಹೋದ ದಿನ ಬೆಳಿಗ್ಗೆ ಮಕ್ಕಳೆಲ್ಲ ಎದೆಯ ಮೇಲೆ ಕೈಯಿಟ್ಟು ಧ್ವಜದ ಪ್ರತಿಜ್ಞೆ ಹೇಳಿದರು. ಮಿಸೆಸ್ ವಿಟ್ಲಿ ಸಹ ಹೇಳುತ್ತಿದ್ದರು. ದೇವರ ಹೆಸರು ಬರುವ ಕಡೆ ಮಾತ್ರ ಅವರ ತುಟಿ ಮುಚ್ಚಿಕೊಂಡಿತು, ಮುಂದಿನ ಪದಕ್ಕೆ ತೆರೆಯಿತು.

“ಆ ಮಾತನ್ನು ಈ ಬೇಸಿಗೆಯಲ್ಲಿ ಸೇರಿಸಿದರು” ಎಂದು ಆಮೇಲೆ ಹೇಳಿದರು. “ನಾನು ತಪ್ಪದೆ ಚರ್ಚಿಗೆ ಹೋಗುವವಳು. ಆದರೆ ನನ್ನ ದೇವರಿಗೆ ಶಾಲೆಯ ಹಾಜರಿಯಲ್ಲಿ ಹೆಸರು ಕೂಗಿಸಿಕೊಳ್ಳುವ ಚಪಲ ಇಲ್ಲ.”

ದೇಶ ಕಟ್ಟಿದ ಹಿರಿಯರು ಸಂವಿಧಾನದಲ್ಲಿ ದೇವರನ್ನು ಎಳೆದು ತರಲಿಲ್ಲ, ಘೋಷಣೆಯಲ್ಲೂ ಪ್ರಕೃತಿಯ ದೇವರು, ಸೃಷ್ಟಿಕರ್ತ ಎಂಬಂಥ ಮಾತುಗಳನ್ನಷ್ಟೇ ಬಳಸಿದರು ಎಂದು ಆಕೆ ನನಗೆ ತೋರಿಸಿದರು. ಘೋಷಣೆ ಬರೆದ ಆ ಮಹನೀಯ ಬೈಬಲಿನಲ್ಲಿ ಪವಾಡಗಳನ್ನು ಬಿಟ್ಟು, ಬುದ್ಧಿಮಾತುಗಳನ್ನಷ್ಟೇ ಕತ್ತರಿಸಿ ಅಂಟಿಸಿ ತನಗೊಂದು ಪುಸ್ತಕ ಮಾಡಿಕೊಂಡಿದ್ದನಂತೆ. ಕೇಳಿ ನನ್ನ ಎದೆ ಉಬ್ಬಿತು. ನಮ್ಮ ಸಂವಿಧಾನದ ಮೊದಲ ಮಾತಿನಲ್ಲೂ ದೇವರಿಲ್ಲ, ಪ್ರಜೆಗಳಿದ್ದಾರೆ ಎಂದೆ. ನಮ್ಮ ಶರಣರು ಎಂಟು ನೂರು ವರ್ಷದ ಹಿಂದೆಯೇ ಗುಡಿಯೂ ಬೇಡ, ಜಾತಿಯೂ ಬೇಡ ಎಂದಿದ್ದರು, ನಾನು ಅಂಥ ಮನೆತನದವನು ಎಂದೂ ಸೇರಿಸಿದೆ.

“ಹಾಗಾದರೆ ನಿಮ್ಮಲ್ಲಿ ಯಾರೂ ಕೀಳಲ್ಲವೇ?” ಎಂದು ಆಕೆ ಕೇಳಿದರು.

“ಈಗ ಇಲ್ಲ” ಎಂದೆ. ಕುರ್ಚಿಯ ಕೆಳಗಿನ ಚೊಂಬು ನನಗೆ ಆಗ ನೆನಪಿಗೂ ಬರಲಿಲ್ಲ.

ವರ್ಜೀನಿಯಾದ ದಾರಿ

ಆ ಮಹನೀಯನ ಮನೆ ಇರುವುದು ದಕ್ಷಿಣಕ್ಕೆ, ವರ್ಜೀನಿಯಾದಲ್ಲಿ. ಮಿಸೆಸ್ ವಿಟ್ಲಿಯವರ ಪರಿಚಯದ ಹಾಲ್ಸಿ ಎಂಬುವರು ಆ ಕಡೆಗೇ ಕಾರಿನಲ್ಲಿ ಹೊರಟಿದ್ದರು. ಹಾಲ್ಸಿ ಕರಿಯ ಜನಾಂಗದವರು, ಕರಿಯ ಮಕ್ಕಳಿಗೆಂದೇ ಇರುವ ಶಾಲೆಯಲ್ಲಿ ನನ್ನಂತೆ ಚರಿತ್ರೆ ಹೇಳುವವರು. ಶಾಲೆಗಳನ್ನು ಹೀಗೆ ಬೇರೆಬೇರೆ ಮಾಡಬಾರದೆಂದು ಅಲ್ಲಿನ ದೊಡ್ಡ ಕೋರ್ಟು ಆ ವರ್ಷವೇ ಹೇಳಿತ್ತು. ಶಾಲೆಗಳು ಇದ್ದ ಹಾಗೇ ಇದ್ದವು.

ಅಷ್ಟು ಒಳ್ಳೆಯ ಜೊತೆ ನನಗೆ ಇಡೀ ಪ್ರವಾಸದಲ್ಲಿ ಸಿಗಲಿಲ್ಲ. ನನ್ನನ್ನು “ಪ್ರೊಫೆಸರ್” ಎಂದು ರೇಗಿಸುವರು. ತಟಸ್ಥ ದೇವರ ವಿಚಾರ ನಾನು ಹೇಳಿದ್ದೇ ಹೇಳಿದ್ದು. ಅವರು ಸ್ಟೀರಿಂಗ್ ಹಿಡಿದು ಎಲ್ಲವನ್ನೂ ಕೇಳಿ, “ಕೀ ಕೊಟ್ಟು ಹೋದ ದೇವರು, ಯಜಮಾನನಾದವನಿಗೆ ಬಹಳ ಅನುಕೂಲದ ದೇವರು, ಪ್ರೊಫೆಸರ್” ಎಂದರು. “ನಮ್ಮ ಅಜ್ಜಿಯರಿಗೆ ಕೆಳಗಿಳಿದು ಬರುವ ದೇವರೇ ಬೇಕಾಗಿದ್ದ.” ಅದಕ್ಕೆ ನಾನು ದೊಡ್ಡದೊಂದು ಉತ್ತರ ಕೊಟ್ಟೆ. ಏನೆಂದು ಈಗ ನೆನಪಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಊಟದ ಬುಟ್ಟಿ, ನೀರಿನ ಸೀಸೆ ಇದ್ದವು. ನಮ್ಮೂರಿನವರು ಸಂತೆಗೆ ಬುತ್ತಿ ಕಟ್ಟಿಕೊಂಡು ಹೋಗುವ ಹಾಗೆ ಇವರೂ ಮಿತವ್ಯಯಿ ಎಂದುಕೊಂಡೆ. ಬಾಯಾರಿದಾಗ ಸೀಸೆ ಕೊಟ್ಟರು. ನಾನು ಎತ್ತಿ ಕುಡಿದು ಅಂಗಿ ನೆನೆಸಿಕೊಂಡೆ, ಅವರು ಹೊಟ್ಟೆ ಹಿಡಿದು ನಕ್ಕರು.

ಮಧ್ಯಾಹ್ನ ಪೆಟ್ರೋಲಿಗೆ ನಿಂತೆವು. ಗೋಡೆಗೆ ಎರಡು ನಲ್ಲಿ, ಒಂದರ ಮೇಲೆ ಬಿಳಿಯರಿಗೆ, ಇನ್ನೊಂದರ ಮೇಲೆ ಬಣ್ಣದವರಿಗೆ ಎಂದು ಬೋರ್ಡು. ನನಗೆ ಹತ್ತಿರವಿದ್ದದ್ದು ಮೊದಲನೆಯದು. ಕೈಯೊಡ್ಡುವಷ್ಟರಲ್ಲಿ ಅಂಗಡಿಯವನು ನಾಯಿಯನ್ನು ಅಟ್ಟುವ ದನಿಯಲ್ಲಿ ಕೂಗಿಕೊಂಡ. ಹಾಲ್ಸಿ ಓಡಿಬಂದು, ಟೊಪ್ಪಿ ತೆಗೆದು, “ಇವರು ಹೊರದೇಶದವರು, ತಿಳಿಯದೆ ಆಯಿತು” ಎಂದು ಕ್ಷಮೆ ಕೇಳಿದರು. “ಹೊರದೇಶದವನಾದರೆ ಹಾಗೆ ಕಾಣಬೇಕು” ಎಂದು ಅವನು ಗೊಣಗಿದ.

ನನಗೆ ಮೈಯೆಲ್ಲ ಉರಿಯಿತು. ಎರಡು ನಲ್ಲಿ ಇದ್ದದ್ದಕ್ಕೆ ಉರಿಯಿತು ಎಂದು ಬರೆದರೆ ನನಗೆ ಗೌರವ ಬರುತ್ತದೆ. ಆದರೆ ಉರಿದದ್ದು ಅವನು ನನ್ನನ್ನು ಹಾಲ್ಸಿಯವರ ಸಾಲಿಗೆ ಸೇರಿಸಿದ್ದಕ್ಕೆ.

ಆ ದಿನ ಹಾಲ್ಸಿಯವರ ಅಕ್ಕನ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಸ್ನಾನ ಮಾಡಿ ಕನ್ನಡಿಯ ಎದುರು ನಿಂತೆ. ಪೆಟ್ಟಿಗೆಯಿಂದ ಪೇಟ ತೆಗೆದು ತಲೆಗಿಟ್ಟೆ. ಸಾಲದು ಎನಿಸಿತು. ಹಲ್ಲುಪುಡಿ ಎಂದಿದ್ದ ಅವ್ವನ ಗಟ್ಟಿಯನ್ನು ತೆಗೆದು, ನೀರು ಮುಟ್ಟಿಸಿ, ಹಣೆಗೆ ಮೂರು ಬೆರಳು ಎಳೆದೆ. ಎಷ್ಟೋ ವರ್ಷದಿಂದ ಹಚ್ಚಿರಲಿಲ್ಲ, ಆದರೂ ಗೆರೆ ನೇರವಾಗಿ ಬಂತು. ಅವ್ವ ಎರಡು ದಿನ ಉಪವಾಸ ಬಿದ್ದರೂ ಹಚ್ಚದವನು, ಪೆಟ್ರೋಲ್ ಅಂಗಡಿಯವನ ಒಂದು ಮಾತಿಗೆ ಹಚ್ಚಿಕೊಂಡೆ. ಹಾಲ್ಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಕಾರಿನ ಬಾಗಿಲು ತೆಗೆದರು.

ಗುಡ್ಡದ ಮೇಲಿನ ಮನೆ

“ನಾನು ನೋಡಿದ್ದೇನೆ, ನೀವು ಹೋಗಿ ಬನ್ನಿ” ಎಂದು ಹಾಲ್ಸಿ ಕಾರಿನಲ್ಲೇ ಕೂತರು. ನನ್ನ ಪೇಟ ಕಂಡು ಮನೆ ತೋರಿಸುವ ಹೆಂಗಸು ತಲೆಬಾಗಿಸಿದಳು. ಮಹಾರಾಜರ ಕಡೆಯವರೇ ಎಂದು ಕೇಳಿದಳು. ಅಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ, ಮುಗುಳ್ನಕ್ಕೆ.

ಹಜಾರದಲ್ಲಿ ಒಂದು ಗಡಿಯಾರವಿತ್ತು. ಬಾಗಿಲ ಮೇಲೆ ಮುಖ, ಎರಡು ಕಡೆ ಹಗ್ಗಕ್ಕೆ ತೂಗುವ ಕಬ್ಬಿಣದ ಗುಂಡುಗಳು. ಗುಂಡು ದಿನದಿನಕ್ಕೆ ಕೆಳಗಿಳಿಯುತ್ತ ಗೋಡೆಯ ಮೇಲೆ ಬರೆದ ವಾರದ ಹೆಸರನ್ನು ತೋರಿಸುತ್ತದೆ. ಹಜಾರದ ಎತ್ತರ ವಾರಕ್ಕೆ ಸಾಲದೆ, ನೆಲಕ್ಕೆ ತೂತು ಕೊರೆದಿದ್ದಾರೆ. ಶನಿವಾರ ನೆಲಮಾಳಿಗೆಯಲ್ಲಿದೆ. ಎಲ್ಲರೂ ಬೆರಗಾಗಿ ನೋಡಿದರು, ನಾನೂ ನೋಡಿದೆ. ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ದೇವರ ಗುಡಿಗೇ ಬಂದ ಹಾಗಾಗಿತ್ತು.

ಆಗ ಕಾಳಯ್ಯ ನೆನಪಾದರು. “ಈ ಗುಡ್ಡದ ಮೇಲಕ್ಕೆ ನೀರು ತರುತ್ತಿದ್ದವರು ಯಾರು?” ಎಂದು ಕೇಳಿದೆ.

“ಸೇವಕರು” ಎಂದು ಆಕೆ ಗಡಿಯಾರಕ್ಕೆ ಕೀ ಕೊಡುವ ಏಣಿಯ ಕಡೆಗೆ ತಿರುಗಿದಳು.

ಕೊಂಡು ತಂದ ಜನರನ್ನು ಸೇವಕರು ಎನ್ನುತ್ತಿದ್ದಾಳೆ ಎಂದು ಚರಿತ್ರೆಯ ಮೇಷ್ಟ್ರಾದ ನನಗೆ ಗೊತ್ತಿತ್ತು. ಸಮಾನತೆಯ ಘೋಷಣೆ ಬರೆದ ಕೈಗೆ ನೀರು ಹಾಕಿದವರು, ಸಂಬಳವಿಲ್ಲದೆ, ಹೆಂಡತಿ ಮಕ್ಕಳ ಸಮೇತ ಅವನ ಸೊತ್ತಾಗಿದ್ದರು. ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಪೇಟದ ಮರ್ಯಾದೆ ಹಾಳಾದೀತು ಎಂದು ಕೇಳಲಿಲ್ಲ.

ಊಟದ ಮನೆ

ಮನೆ ನೋಡಲು ಬಂದಿದ್ದ ಒಬ್ಬ ಬಿಳಿಯ ಯಜಮಾನರು ನನ್ನನ್ನು ಊಟಕ್ಕೆ ಕರೆದರು. ಹಾಲ್ಸಿಯವರ ಅಕ್ಕ ನಮ್ಮಿಬ್ಬರಿಗೂ ಬೆಳಿಗ್ಗೆಯೇ ಎದ್ದು ಅಡಿಗೆ ಮಾಡಿ ಬುಟ್ಟಿಯಲ್ಲಿ ಇಟ್ಟಿದ್ದರು. ನಾನು ಮಾಂಸ ತಿನ್ನುವವನಲ್ಲ ಎಂದು ನನಗೆಂದೇ ಅವರೆಕಾಳಿನಂಥ ಯಾವುದೋ ಕಾಳು ಬೇಯಿಸಿದ್ದರು. ಅದು ಗೊತ್ತಿದ್ದೂ ಯಜಮಾನರಿಗೆ ಹೂಂ ಎಂದೆ. ಹಾಲ್ಸಿ ಆ ಯಜಮಾನರ ಕಾರಿನ ಹಿಂದೆ ಕಾರು ಬಿಟ್ಟುಕೊಂಡು ಪೇಟೆಯ ಊಟದ ಮನೆಯ ಎದುರಿಗೆ ನಿಲ್ಲಿಸಿದರು.

ಬಾಗಿಲಲ್ಲಿ ಮ್ಯಾನೇಜರು ಕೈ ಅಡ್ಡ ಹಿಡಿದ. ನನ್ನ ಪೇಟ ನೋಡಿದ, ಹಣೆ ನೋಡಿದ.

“ಅದೇನು ಗುರುತು?”

“ನನ್ನ ಧರ್ಮದ ಚಿಹ್ನೆ” ಎಂದೆ. “ನಾನು ಭಾರತದವನು.”

ಅವನ ಕೈ ಇಳಿಯಿತು. ನನ್ನ ಬೆನ್ನ ಹಿಂದೆ ಬುಟ್ಟಿ ಹಿಡಿದು ಕಾರಿನಿಂದ ಇಳಿಯುತ್ತಿದ್ದ ಹಾಲ್ಸಿಯವರ ಕಡೆಗೆ ಗದ್ದ ಎತ್ತಿ, “ಅವನು?” ಎಂದ.

“ನನ್ನ ಡ್ರೈವರು” ಎಂದೆ.

ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಸ್ನೇಹಿತರು ಎನ್ನಬಹುದಿತ್ತು, ಮೇಷ್ಟ್ರು ಎನ್ನಬಹುದಿತ್ತು, ಊಟವೇ ಬೇಡ ಎಂದು ತಿರುಗಿ ಬರಬಹುದಿತ್ತು. ನಾಲಗೆ ತುದಿಯಲ್ಲಿ ಮೊದಲೇ ಇಟ್ಟುಕೊಂಡಿದ್ದವನಂತೆ ಅಂದುಬಿಟ್ಟೆ. ಹಾಲ್ಸಿಯವರಿಗೆ ಅದು ಕೇಳಿಸಿತು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಗೊತ್ತಿದ್ದದ್ದೇ ಆಯಿತು ಎನ್ನುವಂತೆ ಅವರು ಬುಟ್ಟಿಯ ಸಮೇತ ತಿರುಗಿದರು.

ಒಳಗೆ ನನಗೆ ಕಿಟಕಿಯ ಪಕ್ಕದ ಜಾಗ ಕೊಟ್ಟರು. ಲೋಟ ಲೋಟ ಐಸ್ ನೀರು ತಂದಿಟ್ಟರು. ನಾನು ಎಲ್ಲರಂತೆ ಕಚ್ಚಿ ಕುಡಿದೆ, ಒಂದು ಹನಿ ಚೆಲ್ಲಲಿಲ್ಲ. ಯಜಮಾನರು ನಮ್ಮ ದೇಶದ ಅಧ್ಯಾತ್ಮ ಹೊಗಳಿದರು. ಕಿಟಕಿಯಾಚೆ, ರಸ್ತೆಯ ಆಚೆ ಬದಿಯ ಮರದ ಕೆಳಗೆ, ಹಾಲ್ಸಿ ಬುಟ್ಟಿಯಿಂದ ಎರಡು ತಟ್ಟೆ ತೆಗೆದು, ಒಂದನ್ನು ಮತ್ತೆ ಒಳಗಿಟ್ಟರು.

ಕಾರಿಗೆ ಬಂದಾಗ ಅವರು ಇಳಿದು ಹಿಂದಿನ ಸೀಟಿನ ಬಾಗಿಲು ತೆಗೆದು ನಿಂತರು. ಅಲ್ಲಿಯವರೆಗೆ ನಾನು ಮುಂದೆ, ಅವರ ಪಕ್ಕ ಕೂರುತ್ತಿದ್ದೆ.

“ಮುಂದೆ ಎಲ್ಲಿಗೆ, ಸರ್?”

ಹಿಂದಿನ ಸೀಟಿನಲ್ಲಿ ಕೂತು, ಕರವಸ್ತ್ರ ತೆಗೆದು ಹಣೆ ಒರೆಸಿಕೊಳ್ಳಲು ಹೋದೆ. ಅವರು ಎದುರಿನ ಕನ್ನಡಿಯಲ್ಲಿ ಕಂಡಿರಬೇಕು.

“ಅದು ಇರಲಿ ಸರ್” ಎಂದರು. “ದಾರಿ ಇನ್ನೂ ಉದ್ದ ಇದೆ.”

ಅವರು ಕುಹಕದಿಂದ ಹೇಳಲಿಲ್ಲ. ನನ್ನ ಹಿತಕ್ಕಾಗಿಯೇ ಹೇಳಿದರು. ನಾನು ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡೆ. ಕ್ಷಮೆ ಕೇಳಲಿಲ್ಲ. ಆಮೇಲೆ ಊರಿನಿಂದ ಮೂರು ಕಾಗದ ಬರೆದು ಮೂರನ್ನೂ ಹರಿದೆ.

ಕೃಷ್ಣರಾಜನಗರ

ಹಾರ, ಭಾಷಣಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಮೇಷ್ಟ್ರುಗಳ ಕೋಣೆಯಲ್ಲಿ ಕಾಳಯ್ಯ ಕೇಳಿದರು. ಇನ್ನಿಬ್ಬರು ಮೇಷ್ಟ್ರುಗಳು ಅಲ್ಲೇ ಉತ್ತರಪತ್ರಿಕೆ ತಿದ್ದುತ್ತಿದ್ದರು.

“ಕೇಳುದ್ರಾ ಸಾ? ನೀರು ತತ್ತಿದ್ದೋರು ಯಾರಂತೆ?”

“ಸೇವಕರು ಅಂದ್ರು. ಸೇವಕರಲ್ಲ ಕಾಳಯ್ಯನೋರೇ, ಕೊಂಡು ತಂದಿದ್ದ ಜನ.”

“ಅಂಗೇ ಇರ್ಬೇಕು ಅನ್ಕೊಂಡಿದ್ದೆ ಬುಡಿ.”

ಅಷ್ಟಕ್ಕೇ ನಿಲ್ಲಿಸಲು ನನ್ನಿಂದ ಆಗಲಿಲ್ಲ. ದನಿ ತಗ್ಗಿಸಿ ನಲ್ಲಿ, ಪೇಟ, ವಿಭೂತಿ, ಡ್ರೈವರು, ಎಲ್ಲವನ್ನೂ ಅವರಿಗೆ ಹೇಳಿದೆ. ಕಾಳಯ್ಯ ತಲೆ ಬಗ್ಗಿಸಿ ಕೇಳಿದರು. ಮುಗಿದ ಮೇಲೆ, “ಆ ಎರಡ್ನೇ ತಟ್ಟೆ ಊಟ ಏನಾಯ್ತು ಸಾ?” ಎಂದರು.

ನನಗೆ ಗೊತ್ತಿರಲಿಲ್ಲ. ಹಾಲ್ಸಿಯವರ ಅಕ್ಕ ನನಗೆಂದು ಬೇಯಿಸಿದ ಕಾಳು ಏನಾಯಿತೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಮೂಲೆಯ ಮಡಕೆ ತೋರಿಸಿದೆ. “ಇವತ್ತಿಂದ ಅಲ್ಲೇ ನೀರು ಕುಡೀರಿ. ಚೊಂಬು ತರ್ಬೇಡಿ.”

ತಿದ್ದುತ್ತಿದ್ದವರ ಪೆನ್ನು ನಿಂತಿತು. ಕಾಳಯ್ಯ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ನೀವು ಇದ್ದಾಗ ಕುಡೀಬೋದು ಸಾ. ಇಲ್ದಾಗ?” ಎಂದು ನಕ್ಕರು. “ಎರಡು ವರ್ಸ ಕಾದೆ, ಯಾರಾದ್ರೂ ಒಂದ್ ಮಾತು ಯೋಳ್ತಾರೇನೋ ಅಂತ. ಈಗ ಇದೇ ರೂಢಿ ಆಗೋಗದೆ.” ಕುರ್ಚಿಯ ಕೆಳಗೆ ಬಗ್ಗಿ ಚೊಂಬು ತೆಗೆದು ನನ್ನ ಮುಂದೆ ಹಿಡಿದರು. “ಇಷ್ಟೊತ್ತು ಮಾತಾಡಿದ್ದೀರಿ, ಗಂಟ್ಲು ಒಣಗಿರ್ತದೆ. ಇದ್ರಲ್ಲೇ ಒಸಿ ಕುಡೀರಿ ಸಾ.”

ನಾನು ಈಸಿಕೊಂಡೆ. ಇಬ್ಬರು ಮೇಷ್ಟ್ರುಗಳೂ ನೋಡುತ್ತಿದ್ದರು. ಚೊಂಬನ್ನು ಎತ್ತಿದೆ, ನೀರು ಬಾಯಿಗೆ ಸುರಿದುಕೊಂಡೆ, ಎರಡು ಗುಟುಕು ನುಂಗಿದೆ, ವಾಪಸು ಕೊಟ್ಟೆ. ಕಾಳಯ್ಯ ಅದನ್ನು ಕುರ್ಚಿಯ ಕೆಳಗಿಟ್ಟು, ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋದರು.

ನಮ್ಮಲ್ಲಿ ಎಲ್ಲರೂ ಎತ್ತಿಯೇ ಕುಡಿಯುತ್ತಾರೆ. ನಮ್ಮ ಮನೆಯಲ್ಲಿ ಅವ್ವನ ಚೊಂಬಿನಲ್ಲೂ ನಾನು ಎತ್ತಿಯೇ ಕುಡಿಯುವುದು. ಹೀಗೆಂದು ಆ ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ಅಷ್ಟು ಎತ್ತರಕ್ಕೆ ಎತ್ತಬೇಕಾಗಿರಲಿಲ್ಲ.